ಎಡಗಡೆಯ ಗಾಲಿಯ ಕಟಕಟ

ಕಳೆದ ವರ್ಷ ಮಳೆಗಾಲ ಮುಗಿದು ನವರಾತ್ರಿ ಬರುವ ಹೊತ್ತಿಗೆ ನಮ್ಮ ಹಳೆಯ ಕಾರಿನ ಎಡಗಡೆಯ ಮುಂದಿನ ಗಾಲಿಯ ಕಡೆಯಿಂದ ಒಂದು ಸಪ್ಪಳ ಕೇಳತೊಡಗಿತು. ತಗಡಿನ ಡಬ್ಬಿಯಲ್ಲಿ ನಾಲ್ಕು ಅಡಿಕೆ ಹಾಕಿಕೊಂಡು ಯಾರೋ ಬೇಸರಕ್ಕೆ ಅಲ್ಲಾಡಿಸುತ್ತ ಕುಳಿತ ಹಾಗೆ, ಕಟಕಟ, ಕಟಕಟ ಎಂದು ಅದು ಬರುತ್ತಿತ್ತು. ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಸೊಸೈಟಿಯ ಪೇವರ್ ಬ್ಲಾಕ್ ಹಾಸಿದ ಓಣಿಯಲ್ಲಿ, ಡಾಂಬರು ಕಿತ್ತು ಜಲ್ಲಿ ಕಾಣುವ ಕಡೆಗಳಲ್ಲಿ ಅದು ತಪ್ಪದೆ ಹಾಜರಿರುತ್ತಿತ್ತು. ಕರ್ವೆ ರಸ್ತೆಯ ಸಪಾಟಾದ ಭಾಗಕ್ಕೆ ಬಂದರೆ ಮೌನ. ವಿಚಿತ್ರವೆಂದರೆ, ದೊಡ್ಡ ಸ್ಪೀಡ್ ಬ್ರೇಕರ್ ದಾಟುವಾಗಲೂ ಮೌನ. ಈ ಕೊನೆಯ ಸಂಗತಿಯನ್ನು ನಾನು ಮೊದಲ ವಾರದಲ್ಲೇ ಗಮನಿಸಿದ್ದೆ; ಅದರ ಅರ್ಥ ತಿಳಿಯಬೇಕಾದರೆ ಎರಡು ತಿಂಗಳು ಕಳೆದು, ಒಂಬತ್ತು ಸಾವಿರ ರೂಪಾಯಿಗೆ ತುಸು ಕಡಿಮೆ ಹಣ ಖರ್ಚಾಗಬೇಕಾಯಿತು.

ಗಾಡಿ 2006ರದು, ಪೆಟ್ರೋಲಿನ ಸಣ್ಣ ಹ್ಯಾಚ್‌ಬ್ಯಾಕ್. ತಯಾರಕರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಇಷ್ಟು ವರ್ಷ ಓಡಿದ ಗಾಡಿಯಲ್ಲಿ ಏನಾದರೂ ಸವೆದರೆ ಅದಕ್ಕೆ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಮುಂದಿನ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಮೀಟರಿನಲ್ಲಿ 1,38,000 ಕಿಲೋಮೀಟರ್ ದಾಟಿದೆ. ಮಾರಿಬಿಡಿ ಎಂದು ಹೇಳುವವರು ಮನೆಯಲ್ಲೂ ಇದ್ದಾರೆ, ಆಫೀಸಿನಲ್ಲೂ ಇದ್ದಾರೆ. ಆದರೆ ವರ್ಷಕ್ಕೆ ಎರಡು ಸಲ ಕಾತ್ರಜ್, ಖಂಬಾಟಕಿ ಘಾಟ್, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಧಾರವಾಡದ ನಮ್ಮ ಮನೆಯ ಅಂಗಳಕ್ಕೆ ನಮ್ಮನ್ನು ಮುಟ್ಟಿಸುವ, ಒಮ್ಮೆಯೂ ದಾರಿಯಲ್ಲಿ ಕೈಕೊಡದ ಗಾಡಿಯನ್ನು ಒಂದು ಸಪ್ಪಳಕ್ಕಾಗಿ ಮಾರುವುದು ನನ್ನಿಂದ ಆಗದ ಮಾತು.

ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು, ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಂದರು, ಅನಂತರ ಅಂದಾಜುಪಟ್ಟಿ ಮುಂದಿಟ್ಟರು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಅವುಗಳ ಮೇಲಿನ ಮೌಂಟ್, ಎರಡೂ ಲೋವರ್ ಆರ್ಮ್, ಎರಡೂ ಲಿಂಕ್ ರಾಡ್, ಜೊತೆಗೆ ಕೂಲಿ ಮತ್ತು ತೆರಿಗೆ ಸೇರಿ ಇಪ್ಪತ್ತೆಂಟು ಸಾವಿರ ಚಿಲ್ಲರೆ. ಇವುಗಳಲ್ಲಿ ಸಪ್ಪಳ ಮಾಡುತ್ತಿರುವುದು ಯಾವುದು ಎಂದು ಕೇಳಿದೆ. ಎಲ್ಲವನ್ನೂ ಬದಲಿಸಿದರೆ ಸಪ್ಪಳ ಹೋಗುತ್ತದೆ ಎಂಬ ಉತ್ತರ ಬಂತು. ಅದು ಸುಳ್ಳಲ್ಲದಿರಬಹುದು ಎಂದು ಆಗ ಅನ್ನಿಸಿತು, ಆದರೆ ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಹೊರಟುಬಂದೆ. (ಆ ಪಟ್ಟಿಯೂ ತಪ್ಪಾಗಿತ್ತೆಂದು ಈಗ ಗೊತ್ತು. ಅಷ್ಟನ್ನೂ ಬದಲಿಸಿದ್ದರೂ ಕಟಕಟ ಹಾಗೆಯೇ ಉಳಿಯುತ್ತಿತ್ತು.)

ಅನಂತರ ಕರ್ವೆನಗರದ ನಮ್ಮ ಮಿಸ್ತ್ರಿಯ ಬಳಿಗೆ ಹೋದೆ. ಅಕ್ಕಲಕೋಟೆಯ ಕಡೆಯವರಾದ್ದರಿಂದ ಅವರೊಂದಿಗೆ ಕನ್ನಡದಲ್ಲೇ ಮಾತು. ಅವರು ಗಾಡಿಯಲ್ಲಿ ನನ್ನ ಪಕ್ಕ ಕುಳಿತು ಓಣಿಯಲ್ಲಿ ಒಂದು ಸುತ್ತು ಹಾಕಿ, ಸಣ್ಣ ತಗ್ಗುದಿಣ್ಣೆಯಲ್ಲಿ ಸಪ್ಪಳ ಬರುತ್ತದೆ, ದೊಡ್ಡ ಹಂಪ್‌ನಲ್ಲಿ ಬರುವುದಿಲ್ಲ ಎಂಬುದನ್ನು ಕೇಳಿಸಿಕೊಂಡು, "ಲಿಂಕ್ ರಾಡ್ ಹೋಗ್ಯಾವ ಸಾಹೇಬ್ರ" ಎಂದು ತೀರ್ಪು ಕೊಟ್ಟರು. ಅವರ ತರ್ಕದಲ್ಲಿ ಹುರುಳಿತ್ತು. ಗಾಡಿ ತಿರುವಿನಲ್ಲಿ ಒಂದು ಕಡೆಗೆ ವಾಲದಂತೆ ತಡೆಯುವುದಕ್ಕೆ ಮುಂದಿನ ಎರಡು ಗಾಲಿಗಳ ನಡುವೆ ಒಂದು ಬಾಗಿದ ಉಕ್ಕಿನ ಸರಳು ಇರುತ್ತದೆ, ಅದರ ಎರಡು ತುದಿಗಳನ್ನು ಶಾಕ್ ಅಬ್ಸಾರ್ಬರಿಗೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ಎರಡೂ ಗಾಲಿಗಳು ಒಟ್ಟಿಗೆ ಮೇಲೇರುವ ಹಂಪ್‌ನಲ್ಲಿ ಆ ಸರಳಿಗೆ ತಿರುಚು ಬೀಳುವುದಿಲ್ಲ. ಒಂದು ಗಾಲಿ ಮಾತ್ರ ತಗ್ಗಿಗೆ ಬಿದ್ದಾಗ ತಿರುಚು ಬೀಳುತ್ತದೆ, ಕಡ್ಡಿಯ ತುದಿಯ ಗುಂಡು ಸಡಿಲವಾಗಿದ್ದರೆ ಆಗಲೇ ಕಟಗುಟ್ಟುತ್ತದೆ. ಲಕ್ಷಣ ಪೂರ್ತಿ ಹೊಂದಿಕೆಯಾಗುತ್ತಿತ್ತು. ಎಡಗಡೆಯ ಗಾಲಿಯೊಂದನ್ನೇ ಜಾಕಿನಿಂದ ಎತ್ತಿ, ಕಡ್ಡಿಯನ್ನು ಹಿಡಿದು ಅಲ್ಲಾಡಿಸಿ ನೋಡಿದರು, ಅದು ಅಲುಗಲಿಲ್ಲ. ಆದರೂ ಎರಡೂ ಕಡೆ ಹೊಸದು ಹಾಕಿದರು. ಕೂಲಿ ಸೇರಿ 1,800 ರೂಪಾಯಿ.

ಎರಡು ದಿನ ಸಪ್ಪಳ ಕಡಿಮೆಯಾದಂತೆ ಅನ್ನಿಸಿತು. ಹಣ ಕೊಟ್ಟು ಬಂದ ಕಿವಿಯೂ ಸ್ವಲ್ಪ ದಿನ ದಾಕ್ಷಿಣ್ಯ ತೋರಿಸುತ್ತದೆ. ಮೂರನೆಯ ದಿನ ಅದೇ ಕಟಕಟ.

ಎರಡನೆಯ ಸಲ ಮಿಸ್ತ್ರಿ ಬಾನೆಟ್ ತೆಗೆದು ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ರಬ್ಬರ್ ಮೌಂಟನ್ನು ತೋರಿಸಿದರು. ಅದು ಬಿರುಕು ಬಿಟ್ಟದ್ದು ನನ್ನ ಕಣ್ಣಿಗೂ ಕಂಡಿತು, ಆದ್ದರಿಂದ ಬದಲಿಸಲು ಒಪ್ಪಿದೆ. ಎರಡೂ ಕಡೆಯದಕ್ಕೆ 4,100 ರೂಪಾಯಿ. ಸಪ್ಪಳದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ಮೂರನೆಯ ಸಲ ಹೋದಾಗ ಅವರ ಹುಡುಗ ಗಾಲಿಯ ಹಿಂದೆ ಕಂಡ ರಬ್ಬರುಗಳಿಗೆಲ್ಲ ಹಳೆಯ ಎಂಜಿನ್ ಆಯಿಲ್ ಬಿಡಲು ಡಬ್ಬಿ ಹಿಡಿದುಕೊಂಡು ಬಂದ. ಅದನ್ನು ಮಾತ್ರ ನಾನು ತಡೆದೆ. ಪಾಟಾ ಸ್ಪ್ರಿಂಗುಗಳಿದ್ದ ಕಾಲದಲ್ಲಿ, ಅಂದರೆ ಮುಂಬೈಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಂಥ ಗಾಡಿಗಳಲ್ಲಿ, ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಉಜ್ಜಿ ಕಿರುಗುಟ್ಟುತ್ತಿದ್ದವು, ಅವುಗಳಿಗೆ ಎಣ್ಣೆ ಬಿಡುವ ರೂಢಿ ಅಲ್ಲಿಂದ ಬಂದದ್ದು. ಈಗ ಕೀಲುಗಳಲ್ಲಿ ಕೂರಿಸುವ ಬುಷ್‌ಗಳಲ್ಲಿರುವುದು ರಬ್ಬರ್, ಪೆಟ್ರೋಲಿಯಂ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗಿ ಬೇಗ ಹರಿಯುತ್ತದೆ. ರಬ್ಬರಿನಿಂದಲೇ ಕಿರುಗುಟ್ಟುವಿಕೆ ಬರುತ್ತಿದೆಯೇ ಎಂದು ನೋಡಬೇಕಾದರೆ ಸೋಪಿನ ನೀರು ಸಿಂಪಡಿಸಿದರೆ ಸಾಕು. ಸಪ್ಪಳ ನಿಂತರೆ ಜಾಗ ಗೊತ್ತಾದಂತೆ, ನಿಲ್ಲದಿದ್ದರೆ ನಷ್ಟವೇನೂ ಇಲ್ಲ. ನಮ್ಮದು ಕಿರುಗುಟ್ಟುವ ಸಪ್ಪಳವೇ ಅಲ್ಲ, ಬಡಿಯುವ ಸಪ್ಪಳ. ಇಷ್ಟು ಹೇಳಿದ ಮೇಲೆ ಮಿಸ್ತ್ರಿ ನಕ್ಕು, "ಹಳೀ ಗಾಡಿ ಅದ ಸಾಹೇಬ್ರ, ಸಪ್ಪಳ ಬರೋದ" ಎಂದು ಕೈ ಒರೆಸಿಕೊಂಡರು.

ನನ್ನ ವೃತ್ತಿ ಲೆಕ್ಕ ತಪಾಸಣೆ. ತಾಳೆಪಟ್ಟಿಯಲ್ಲಿ ಹದಿನೇಳು ರೂಪಾಯಿ ವ್ಯತ್ಯಾಸ ಬಂದರೆ, ಕಂಪನಿ ಹಳೆಯದು, ವ್ಯತ್ಯಾಸ ಬರುವುದೇ ಎಂದು ಯಾರೂ ಸಹಿ ಹಾಕುವುದಿಲ್ಲ. ಆ ರಾತ್ರಿ ಒಂದು ಹಳೆಯ ಡೈರಿ ತೆಗೆದು, ಎಡಗಡೆಯ ಪುಟದಲ್ಲಿ ಸಪ್ಪಳ ಬಂದ ಸಂದರ್ಭಗಳನ್ನೂ ಬಲಗಡೆಯ ಪುಟದಲ್ಲಿ ಬರಬೇಕಾಗಿದ್ದರೂ ಬಾರದ ಸಂದರ್ಭಗಳನ್ನೂ ಬರೆಯಲು ತೊಡಗಿದೆ. ವೇಗ, ರಸ್ತೆ, ಗೇರು, ಸ್ಟೇರಿಂಗ್ ನೇರವಾಗಿತ್ತೋ ತಿರುಗಿತ್ತೋ, ಗಾಡಿಯಲ್ಲಿ ಎಷ್ಟು ಜನ, ಬೆಳಗಿನ ಚಳಿಯೋ ಮಧ್ಯಾಹ್ನದ ಬಿಸಿಲೋ. ಹೊಸ ಭಾಗ ಹಾಕಿಸುವುದನ್ನು ಪೂರ್ತಿ ನಿಲ್ಲಿಸಿದೆ. ಎರಡು ವಾರದಲ್ಲಿ ನಲವತ್ತು ನಮೂದುಗಳಾದವು. ಸ್ಟೇರಿಂಗ್ ತಿರುಗಿಸಿದ್ದಕ್ಕೂ ಸಪ್ಪಳಕ್ಕೂ ಸಂಬಂಧ ಕಾಣಲಿಲ್ಲ, ಹೀಗಾಗಿ ಪೂರ್ತಿ ತಿರುಗಿಸಿದಾಗ ಟಕಟಕ ಎನ್ನುವ ಡ್ರೈವ್ ಶಾಫ್ಟಿನ ಜಾಯಿಂಟ್ ಪಟ್ಟಿಯಿಂದ ಹೊರಬಿತ್ತು. ಚಳಿ ಬಿಸಿಲಿಗೂ ಸಂಬಂಧವಿರಲಿಲ್ಲ. ಐದು ಜನ ಕುಳಿತಾಗಲೂ ಅದೇ ಕಟಕಟ.

ಒಂದು ಭಾನುವಾರ ಗಾಡಿಯನ್ನು ಸಂಪೂರ್ಣ ಖಾಲಿ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು, ನಾಚಿಕೆಯಿಂದ ಹೇಳುತ್ತಿದ್ದೇನೆ. ಸ್ಟೆಪ್ನಿ, ಜಾಕಿ, ಪಾನಾ, ಡಿಕ್ಕಿಯಲ್ಲಿದ್ದ ಎರಡು ಛತ್ರಿ, ಸೀಟಿನ ಕೆಳಗೆ ಎಂದಿನಿಂದಲೋ ಉರುಳಾಡುತ್ತಿದ್ದ ಸ್ಟೀಲಿನ ನೀರಿನ ಬಾಟಲಿ, ಬಾಗಿಲಿನ ಜೇಬಿನಲ್ಲಿದ್ದ ಟೋಲಿನ ಚಿಲ್ಲರೆ, ಗ್ಲೋವ್ ಬಾಕ್ಸಿನಲ್ಲಿದ್ದ ಟಾರ್ಚು, ಎಲ್ಲವೂ ಹೊರಬಂದವು. ಬ್ಯಾಟರಿಯ ಕ್ಲಾಂಪ್, ಬಾನೆಟ್ಟಿನ ಆಧಾರದ ಕಡ್ಡಿ, ನಂಬರ್ ಪ್ಲೇಟ್, ಸೈಲೆನ್ಸರಿನ ತಗಡು ಬಿಗಿಯಾಗಿವೆಯೇ ಎಂದು ಒಂದೊಂದಾಗಿ ಬೆರಳಿನಿಂದ ಬಡಿದು ನೋಡಿದೆ. ಹೆಂಡತಿಯ ಕಳೆದುಹೋದ ಒಂದು ಓಲೆ ಸಿಕ್ಕಿತು, ಸಪ್ಪಳ ಹೋಗಲಿಲ್ಲ.

ಕಾರಿನೊಳಗೆ ಕುಳಿತು ಸಪ್ಪಳದ ಜಾಗ ಗುರುತಿಸುವುದು ಏಕೆ ಇಷ್ಟು ಕಷ್ಟ ಎಂಬುದು ಆಮೇಲೆ ಹೊಳೆಯಿತು. ಶಬ್ದ ಯಾವ ಕಿವಿಗೆ ಮೊದಲು ಮುಟ್ಟಿತು ಎಂಬುದರ ಮೇಲೆ ನಾವು ದಿಕ್ಕನ್ನು ಅಂದಾಜು ಮಾಡುತ್ತೇವೆ, ಆ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಉಕ್ಕಿನಲ್ಲಿ ಸುಮಾರು 5,000 ಮೀಟರ್. ಗಾಲಿಯ ಬಳಿ ಹುಟ್ಟಿದ ಸಣ್ಣ ಬಡಿತವು ಉಕ್ಕಿನ ಚೌಕಟ್ಟಿನಲ್ಲೇ ಓಡಿ, ಎಲ್ಲಿ ತಗಡು ತೆಳ್ಳಗೆ ಅಗಲವಾಗಿದೆಯೋ ಅಲ್ಲಿ ದನಿಯಾಗಿ ಹೊರಬೀಳುತ್ತದೆ, ತಂಬೂರಿಯ ತಂತಿಯನ್ನು ಮೀಟಿದ ಜಾಗಕ್ಕಿಂತ ಬುರುಡೆಯಲ್ಲಿ ದನಿ ದೊಡ್ಡದಾಗುವ ಹಾಗೆ. ನನಗೆ ಅದು ಡ್ಯಾಶ್‌ಬೋರ್ಡಿನ ಕೆಳಗೆ ಕೇಳಿಸುತ್ತಿತ್ತು, ಪಕ್ಕದಲ್ಲಿ ಕುಳಿತ ಹೆಂಡತಿಗೆ ತನ್ನ ಪಾದದ ಕೆಳಗೆ, ಮಿಸ್ತ್ರಿಗೆ ಬಾನೆಟ್ಟಿನ ಮೂಲೆಯಲ್ಲಿ. ಮೂವರೂ ಸರಿಯಾಗಿಯೇ ಕೇಳಿಸಿಕೊಂಡಿದ್ದೆವು, ಮೂವರಿಗೂ ಜಾಗ ಸಿಕ್ಕಿರಲಿಲ್ಲ.

ಆದ್ದರಿಂದ ಕಿವಿಯನ್ನು ಗಾಡಿಯ ಹೊರಗೆ ಇಡಬೇಕಾಯಿತು. ಅಕ್ಕನ ಮಗ ಇಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಶನಿವಾರ ಊಟಕ್ಕೆ ಬರುತ್ತಾನೆ. ಊಟಕ್ಕೆ ಮೊದಲು ಅವನನ್ನು ಓಣಿಗೆ ಕರೆದೊಯ್ದೆ. ನಾನು ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು, ಎಂಜಿನ್ನಿನ ಸಹಜ ಓಟದಲ್ಲೇ ಗಾಡಿಯನ್ನು ಪೇವರ್ ಬ್ಲಾಕುಗಳ ಮೇಲೆ ನಡೆಸಿದೆ. ಅವನು ಎಡಗಡೆಯ ಗಾಲಿಯಿಂದ ಒಂದು ಮಾರು ದೂರ ಬಿಟ್ಟು, ಬಗ್ಗಿಕೊಂಡು ಪಕ್ಕದಲ್ಲೇ ಓಡಿದ. ಓಣಿಯ ಈ ತುದಿಯಿಂದ ಆ ತುದಿಗೆ ಕಟಕಟ ನಿರಂತರವಾಗಿ ಬಂತು. ಎದುರಿಗೆ ಸ್ಕೂಟರಿನ ಅಜ್ಜಿಯೊಬ್ಬರು ಬಂದದ್ದರಿಂದ ನಾನು ಬ್ರೇಕಿನ ಮೇಲೆ ಪಾದ ಇಟ್ಟೆ, ಒತ್ತಲಿಲ್ಲ, ಸುಮ್ಮನೆ ಭಾರ ಬಿಟ್ಟೆ ಅಷ್ಟೆ. ಹುಡುಗ ಕೈ ಎತ್ತಿ ನಿಂತುಬಿಟ್ಟ.

"ಮಾಮಾ, ಈಗ ಏನ್ ಮಾಡಿದ್ರಿ? ಒಮ್ಮೆಲೆ ಸುಮ್ಮನಾತಲ್ಲ."

ಮತ್ತೆ ಆ ತುದಿಯಿಂದ ಹೊರಟೆವು. ಪಾದ ಬ್ರೇಕಿನಿಂದ ದೂರ ಇದ್ದರೆ ಕಟಕಟ. ಕಾಲಿನ ಹೆಬ್ಬೆರಳಿನ ಭಾರ ಬಿಟ್ಟರೆ, ಅದೇ ಓಣಿ, ಅದೇ ಬ್ಲಾಕುಗಳು, ಅದೇ ವೇಗ, ಮೌನ. ಆರು ಸಲ ಮಾಡಿ ನೋಡಿದೆವು, ಆರು ಸಲವೂ ಹಾಗೆಯೇ.

ದೊಡ್ಡ ಸ್ಪೀಡ್ ಬ್ರೇಕರಿನ ಒಗಟು ಅಲ್ಲಿಯೇ ಬಿಡಿಸಿಕೊಂಡಿತು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾನಕದ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದದ್ದು. ಅಂಥದನ್ನು ಬ್ರೇಕ್ ಮುಟ್ಟದೆಯೂ ದಾಟಬಹುದು. ನಮ್ಮ ಓಣಿಗಳಲ್ಲಿರುವವು ಒಂದು ರಾತ್ರಿಯಲ್ಲಿ ಎದ್ದ ಗೋಡೆಗಳು, ಅಡ್ಡ ಮಲಗಿಸಿದ ತೊಲೆಗಳು. ಬ್ರೇಕಿನ ಮೇಲೆ ಪಾದ ಇಡದೆ ಅವುಗಳನ್ನು ದಾಟಿದವರು ಈ ಪೇಟೆಯಲ್ಲಿ ಯಾರೂ ಇರಲಾರರು. ಹಂಪ್ ಬಂದಾಗಲೆಲ್ಲ ನನ್ನ ಪಾದ ಬ್ರೇಕಿನ ಮೇಲಿರುತ್ತಿತ್ತು, ಸಪ್ಪಳ ಅಡಗುತ್ತಿತ್ತು. ಡೈರಿಯಲ್ಲಿ ರಸ್ತೆ, ಗೇರು, ಬಿಸಿಲು ಎಲ್ಲವನ್ನೂ ಬರೆದಿದ್ದ ನಾನು ನನ್ನ ಬಲಗಾಲು ಎಲ್ಲಿತ್ತು ಎಂಬುದನ್ನು ಒಂದು ಸಲವೂ ಬರೆದಿರಲಿಲ್ಲ.

ಮಧ್ಯಾಹ್ನ ಊಟ ತಡವಾಯಿತು. ಗಾಡಿಯನ್ನು ಜಾಕಿನಿಂದ ಎತ್ತಿ, ಕೆಳಗೆ ಆಧಾರಕ್ಕೆ ಕಟ್ಟಿಗೆಯ ದಿಮ್ಮಿ ಇಟ್ಟು, ಎಡಗಡೆಯ ಗಾಲಿ ಬಿಚ್ಚಿದೆವು. ಡಿಸ್ಕ್ ಬ್ರೇಕಿನಲ್ಲಿ ತಿರುಗುವ ತಟ್ಟೆಯ ಆಚೆ ಈಚೆ ಎರಡು ಪ್ಯಾಡುಗಳಿರುತ್ತವೆ, ಬ್ರೇಕ್ ಮುಟ್ಟಿದೊಡನೆ ಅವು ತಟ್ಟೆಯನ್ನು ಅಪ್ಪಿ ಅಲುಗದೆ ನಿಲ್ಲುತ್ತವೆ. ಪ್ರತಿ ಪ್ಯಾಡಿನ ಮೇಲೂ ಕೆಳಗೂ ಕಿವಿಯಂಥ ಚಾಚು, ಆ ಕಿವಿ ಕೂರುವುದಕ್ಕೆ ಬ್ರಾಕೆಟ್ಟಿನಲ್ಲಿ ಕಚ್ಚು, ಕಚ್ಚಿನಲ್ಲಿ ಪ್ಯಾಡ್ ಕುಣಿಯದಂತೆ ಒತ್ತಿ ಹಿಡಿಯುವ ತೆಳ್ಳನೆಯ ಸ್ಟೀಲಿನ ಕ್ಲಿಪ್. ಕೆಳಗಿನ ಕ್ಲಿಪ್ಪುಗಳು ಇದ್ದವು. ಮೇಲಿನ ಎರಡೂ ಇರಲಿಲ್ಲ. ಬ್ರಾಕೆಟ್ಟಿನ ಉಳಿದ ಭಾಗವೆಲ್ಲ ಮಳೆಗಾಲದ ತುಕ್ಕಿನಿಂದ ಕೆಂಪಗಿದ್ದರೆ, ಪ್ಯಾಡಿನ ಕಿವಿ ಬಡಿಯುತ್ತಿದ್ದ ಎರಡು ಜಾಗಗಳು ಮಾತ್ರ, ಹೊಸ ನಾಣ್ಯದ ಅಂಚಿನ ಹಾಗೆ, ಬೆಳ್ಳಗೆ ಹೊಳೆಯುತ್ತಿದ್ದವು. ಬೆರಳಿನಿಂದ ಪ್ಯಾಡನ್ನು ಮೇಲೆ ಕೆಳಗೆ ಅಲುಗಿಸಿದೆ. ಎರಡು ತಿಂಗಳಿನಿಂದ ಕೇಳುತ್ತಿದ್ದ ಅಡಿಕೆ ಡಬ್ಬಿಯ ದನಿ ನನ್ನ ಬೆರಳಿನಡಿಯಿಂದಲೇ ಬಂತು.

ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಇನ್ನೊಂದು ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸಿದ್ದೆ. ಹಳೆಯ ಕ್ಲಿಪ್ಪುಗಳನ್ನು ಬಿಚ್ಚಿ ಸ್ವಚ್ಛಗೊಳಿಸಿದವರು ಎರಡನ್ನು ತಿರುಗಿ ಹಾಕುವುದನ್ನು ಮರೆತಿರಬೇಕು. ಆ ಕಚ್ಚುಗಳಲ್ಲಿ ಒಂದಿಷ್ಟು ಹೊಸ ತುಕ್ಕು, ಬ್ರೇಕಿನ ಹುಡಿ ತುಂಬಿಕೊಂಡಿದ್ದಾಗ ಪ್ಯಾಡ್ ಬಿಗಿಯಾಗಿ ಕುಳಿತಿತ್ತು, ಮಳೆ ಅದನ್ನು ತೊಳೆದು ಮುಗಿಸಿದ ಮೇಲೆ ಕುಣಿಯತೊಡಗಿತು ಎಂಬುದು ನನ್ನ ಊಹೆ. ಆ ಗ್ಯಾರೇಜಿನವರ ಮೇಲೆ ನನಗೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ಹೆಚ್ಚು. ಬ್ರೇಕ್ ಈಗಷ್ಟೇ ಹೊಸದಾಗಿದೆ, ಅದನ್ನು ನೋಡುವುದು ಬೇಡ ಎಂದು ಮಿಸ್ತ್ರಿಗೆ ನಾನೇ ಹೇಳಿದ್ದೆ. ಕೈ ಆಡಿಸಿದ ಜಾಗದಲ್ಲೇ ಮೊದಲು ಹುಡುಕಬೇಕು ಎಂದು ಕಿರಿಯರಿಗೆ ಲೆಕ್ಕದ ವಿಷಯದಲ್ಲಿ ಪಾಠ ಹೇಳುವವನು ನಾನು.

ಕ್ಲಿಪ್ ತರುವುದಕ್ಕೆ ನಾನಾ ಪೇಠೆಗೆ ಹೋದೆ, ಸ್ಕೂಟರಿನಲ್ಲಿ. ಬಿಡಿಭಾಗಗಳ ಆ ಬಜಾರಿಗೆ ಕಾರು ತೆಗೆದುಕೊಂಡು ಹೋಗುವವನಿಗೆ ಕಾರು ನಿಲ್ಲಿಸುವುದೇ ದಿನದ ಕೆಲಸವಾಗುತ್ತದೆ. ಕೌಂಟರಿನಲ್ಲಿ ಮಾಡೆಲ್, ವರ್ಷ ಹೇಳುವ ಮೊದಲೇ "ಸ್ಯಾಂಪಲ್ ಆಣಲಾ ಕಾ?" ಎಂದು ಕೇಳಿದರು. ಉಳಿದಿದ್ದ ಕೆಳಗಿನ ಕ್ಲಿಪ್ಪನ್ನು ಕರವಸ್ತ್ರದಲ್ಲಿ ಕಟ್ಟಿ ಒಯ್ದಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅದರ ನಾಲಿಗೆಯನ್ನು ಒತ್ತಿ ಬಿಟ್ಟು, ಹಿಂದಿನ ಕಪಾಟಿನಿಂದ ಒಂದು ಸಣ್ಣ ಪೊಟ್ಟಣ ತೆಗೆದುಕೊಟ್ಟರು. ಇಡೀ ಸೆಟ್ಟಿಗೆ 180 ರೂಪಾಯಿ. ಸಂಜೆ ಹಾಕಿ ಓಣಿಯಲ್ಲಿ ಓಡಿಸಿದೆ. ಕಟಕಟ ಹೋಗಿತ್ತು.

ಕತೆ ಇಲ್ಲಿ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಗಾಡಿ ಮೌನವಾದ ಮರುದಿನ, ಚಾಂದಣಿ ಚೌಕದ ಕಡೆಯ ಇಳಿಜಾರಿನಲ್ಲಿ ಸಿಗ್ನಲ್ಲಿಗೆ ನಿಲ್ಲಿಸುವಾಗ, ಗಾಡಿ ನಿಲ್ಲುವ ಕೊನೆಯ ಕ್ಷಣದಲ್ಲಿ, ಕೆಳಗಿನಿಂದ ಒಂದೇ ಒಂದು ದಪ್ಪ "ಟಕ್" ಕೇಳಿಸಿತು. ಹೊರಟಾಗ ಇನ್ನೊಂದು. ಪಾರ್ಕಿಂಗಿನಲ್ಲಿ ರಿವರ್ಸ್ ಹಾಕಿ ಮತ್ತೆ ಮುಂದೆ ತಂದಾಗ ಮತ್ತೊಂದು. ಡೈರಿಯನ್ನು ತಿರುಗಿಸಿ ನೋಡಿದರೆ, "ನಿಲ್ಲುವಾಗಲೂ ಒಮ್ಮೊಮ್ಮೆ" ಎಂದು ನಾನೇ ಮೂರು ಕಡೆ ಬರೆದು, ಅದೂ ಅದೇ ಸಪ್ಪಳವೆಂದು ಭಾವಿಸಿ ಬಿಟ್ಟಿದ್ದೆ. ಎರಡು ತಪ್ಪುಗಳು ಒಂದೇ ಮೊತ್ತದೊಳಗೆ ಅಡಗಿ ಕುಳಿತರೆ ತಪಾಸಣೆಯವನಿಗೆ ಅದಕ್ಕಿಂತ ದೊಡ್ಡ ತಲೆನೋವಿಲ್ಲ. ಬ್ರೇಕ್ ಒತ್ತಿದಾಗ ಅಡಗುವುದು ಒಂದು, ಬ್ರೇಕ್ ಒತ್ತಿದಾಗ ಹುಟ್ಟುವುದು ಇನ್ನೊಂದು; ಎರಡನ್ನೂ ಸೇರಿಸಿ ನೋಡಿದವರಿಗೆ ಯಾವ ನಿಯಮವೂ ಕಾಣದಿದ್ದದ್ದು ಸಹಜವೇ.

ಈ ಸಲ ಹುಡುಗ ಮೊಬೈಲನ್ನು ಗಾಲಿಯ ಎದುರು ನೆಲದ ಮೇಲೆ ಇಟ್ಟಿಗೆಗೆ ಆನಿಸಿ ನಿಲ್ಲಿಸಿ, ನಿಧಾನಗತಿಯ ವಿಡಿಯೋ ತೆಗೆದ. ನಾನು ಗಾಡಿಯನ್ನು ಒಂದು ಮಾರು ಮುಂದೆ ತಂದು ಬ್ರೇಕ್ ಒತ್ತಿದೆ. ಪರದೆಯ ಮೇಲೆ ನೋಡಿದಾಗ, ಗಾಡಿ ನಿಂತ ಕ್ಷಣದಲ್ಲಿ ಎಡಗಾಲಿ ಮಡ್‌ಗಾರ್ಡಿನ ಕಮಾನಿನೊಳಗೆ ಅರ್ಧ ಬೆರಳಿನಷ್ಟು ಹಿಂದಕ್ಕೆ ಜಾರಿ, ಮತ್ತೆ ತನ್ನ ಜಾಗಕ್ಕೆ ಬಂತು. ಬಲಗಾಲಿಯ ವಿಡಿಯೋದಲ್ಲಿ ಅಂಥ ಜಾರುವಿಕೆ ಕಾಣಲಿಲ್ಲ. ಗಾಲಿಯನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಲೋವರ್ ಆರ್ಮ್ ಎಂಬ ಕೆಳಗಿನ ತೋಳು. ಅದರ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳಗಡೆ ಚೌಕಟ್ಟಿಗೆ ಸೇರುವಲ್ಲಿ ಎರಡು ರಬ್ಬರ್ ಬುಷ್. ಮಿಸ್ತ್ರಿಯ ಪಕ್ಕದ ಗ್ಯಾರೇಜಿನ ಹೊಂಡದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದು, ಸಣ್ಣ ಹಾರೆಯನ್ನು ತೋಳು ಮತ್ತು ಚೌಕಟ್ಟಿನ ನಡುವೆ ತೂರಿಸಿ ಮೀಟಿದಾಗ ಮುಂದಿನ ಬುಷ್‌ನ ರಬ್ಬರ್ ಅರ್ಧ ಸುತ್ತು ಬಾಯಿ ಬಿಟ್ಟಿತು.

ಈ ಬುಷ್‌ಗಳನ್ನು ಹಾಕಿಸಿ ಎರಡು ವರ್ಷವೂ ಆಗಿರಲಿಲ್ಲ, ಹದಿನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದವು. ಮೊದಲಿನ ಜೋಡಿ ಒಂದು ಲಕ್ಷಕ್ಕೂ ಮೀರಿ ಬಂದಿತ್ತು. ಮಾಲು ಕಳಪೆ ಎನ್ನುವುದು ಸುಲಭ, ಆದರೆ ಹರಿದ ರೀತಿ ಬೇರೆಯದೇ ಕತೆ ಹೇಳುತ್ತಿತ್ತು. ಬುಷ್ ಎಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಹೊರಗಿನ ಕೊಳವೆ ತೋಳಿನೊಳಗೆ ಬಿಗಿಯಾಗಿರುತ್ತದೆ, ಒಳಗಿನ ಕೊಳವೆ ಬೋಲ್ಟ್ ಬಿಗಿದ ಮೇಲೆ ಚೌಕಟ್ಟಿಗೆ ಕಚ್ಚಿಕೊಂಡು ಅಲುಗದೆ ನಿಲ್ಲುತ್ತದೆ. ಗಾಲಿ ಏರಿಳಿದಾಗ ಬುಷ್‌ನೊಳಗೆ ಯಾವುದೂ ಜಾರುವುದಿಲ್ಲ, ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ಅದರ ವಿಶ್ರಾಂತಿಯ ಸ್ಥಿತಿ ಯಾವುದು? ಬೋಲ್ಟ್ ಬಿಗಿದಾಗ ತೋಳು ಯಾವ ಕೋನದಲ್ಲಿತ್ತೋ ಅದು. ಗಾಡಿ ನೆಲದ ಮೇಲೆ ನಿಂತಾಗ ಬಿಗಿದರೆ ಆ ಸ್ಥಿತಿಯೇ ವಿಶ್ರಾಂತಿ. ಜಾಕಿನ ಮೇಲೆ ಗಾಲಿ ಜೋತುಬಿದ್ದಾಗ ಬಿಗಿದರೆ, ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ನಮ್ಮ ಗಾಡಿಯಲ್ಲಿ ಟೇಪು ಹಿಡಿದು ಅಳೆದೆ: ತೋಳಿನ ಉದ್ದ ಸುಮಾರು 35 ಸೆಂಟಿಮೀಟರ್, ಜೋತುಬಿದ್ದಾಗ ಗಾಲಿ ಕೆಳಗಿಳಿಯುವುದು ಸುಮಾರು 8 ಸೆಂಟಿಮೀಟರ್. ಅಂದರೆ ಹೆಚ್ಚುಕಡಿಮೆ 13 ಡಿಗ್ರಿ. ಪಾರ್ಕಿಂಗಿನಲ್ಲಿ ಸುಮ್ಮನೆ ನಿಂತ ಗಾಡಿಯಲ್ಲೂ ಆ ರಬ್ಬರ್ ರಾತ್ರಿಯಿಡೀ ಹದಿಮೂರು ಡಿಗ್ರಿ ಹಿಂಡಿಸಿಕೊಂಡು ನಿಂತಿರುತ್ತಿತ್ತು. ತಗ್ಗಿಗೆ ಬಿದ್ದಾಗ ಅದರ ಮೇಲೆ ಇನ್ನಷ್ಟು.

ಇದನ್ನು ಮಿಸ್ತ್ರಿಗೆ ಹೇಗೆ ಹೇಳುವುದೆಂದು ಸಂಕೋಚಪಟ್ಟೆ, ಏಕೆಂದರೆ ಆ ಬುಷ್ ಹಾಕಿದವರು ಅವರೇ. ಅವರು ಮಾತ್ರ ಸ್ವಲ್ಪವೂ ಬೇಸರಿಸಲಿಲ್ಲ. "ಗೊತ್ತದ ಸಾಹೇಬ್ರ. ಗಾಡಿ ಕೆಳಗ ಇಳಿಸಿದ ಮ್ಯಾಲ ಪಾನಾ ಹಾಕ್ಲಿಕ್ಕೆ ಜಾಗಾ ಎಲ್ಲದ?" ಎಂದರು. ಅದು ನಿಜವಾಗಿತ್ತು. ಅವರ ಗ್ಯಾರೇಜಿನಲ್ಲಿ ಹೊಂಡವಿಲ್ಲ, ಲಿಫ್ಟ್ ಇಲ್ಲ, ಒಂದು ಹುಣಸೆಮರ ಮತ್ತು ಎರಡು ಜಾಕಿ ಇವೆ. ನೆಲಕ್ಕೆ ಒಂದು ಗೇಣು ಎತ್ತರದ ಗಾಡಿಯ ಕೆಳಗೆ ಮಲಗಿ ಉದ್ದನೆಯ ಪಾನಾ ತಿರುಗಿಸಲು ಯಾರಿಂದಲೂ ಆಗದು. ಪಕ್ಕದವರ ಹೊಂಡವನ್ನು ಒಂದು ಗಂಟೆ ಕೇಳಿ ಪಡೆದದ್ದರಿಂದ ಆ ತೊಡಕು ಬಗೆಹರಿಯಿತು. ತೋಳನ್ನು ಬಿಚ್ಚಿ ಲೇಥಿನ ಅಂಗಡಿಯ ಪ್ರೆಸ್‌ನಲ್ಲಿ ಹಳೆಯ ಬುಷ್‌ಗಳನ್ನು ಹೊರದಬ್ಬಿ ಹೊಸದನ್ನು ಕೂರಿಸಿ ತಂದರು. ತೋಳು ಕೈಯಲ್ಲಿದ್ದಾಗಲೇ ಬಾಲ್ ಜಾಯಿಂಟನ್ನು ಪರೀಕ್ಷಿಸಿದೆವು. ಲಿಂಕ್ ರಾಡ್ ಮುರಿದರೆ ಗಾಡಿ ವಾಲುತ್ತದೆ ಅಷ್ಟೆ, ಬಾಲ್ ಜಾಯಿಂಟ್ ಕಳಚಿದರೆ ಗಾಲಿಯೇ ಮಡಚಿಕೊಂಡು ಬೀಳುತ್ತದೆ, ಸಪ್ಪಳವಿರಲಿ ಇಲ್ಲದಿರಲಿ ಅದನ್ನು ನೋಡಲೇಬೇಕು. ಅದು ಗಟ್ಟಿಯಾಗಿತ್ತು. ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಗಾಲಿ ಹಾಕಿ, ಗಾಡಿಯನ್ನು ಹೊಂಡದ ಮೇಲೆ ನಾಲ್ಕೂ ಗಾಲಿಗಳ ಮೇಲೆ ನಿಲ್ಲಿಸಿ, ಬಾನೆಟ್ಟನ್ನು ನಾಲ್ಕು ಸಲ ಒತ್ತಿ ಬಿಟ್ಟು, ಆಮೇಲೆ ಮಿಸ್ತ್ರಿ ಕೆಳಗಿಳಿದು ಪೂರ್ತಿ ಬಿಗಿದರು. ತೋಳು ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾಯಿತು.

ಲೆಕ್ಕ ಹೀಗೆ. ಬುಷ್ 950, ಪ್ರೆಸ್ 300, ಕೂಲಿ 800, ಅಲೈನ್‌ಮೆಂಟ್ 500, ಕ್ಲಿಪ್ 180, ಒಟ್ಟು 2,730 ರೂಪಾಯಿ. ಅದಕ್ಕೆ ಮೊದಲು ಊಹೆಯ ಮೇಲೆ ಹೋದದ್ದು 5,900. ಮೌಂಟಿನ ರಬ್ಬರ್ ನಿಜಕ್ಕೂ ಬಿರುಕು ಬಿಟ್ಟಿದ್ದರಿಂದ ಆ 4,100 ಪೂರ್ತಿ ನೀರಿಗೆ ಬಿದ್ದದ್ದಲ್ಲ. ಲಿಂಕ್ ರಾಡ್ ಮಾತ್ರ ಶುದ್ಧ ದಂಡ. ಹಳೆಯ ಎರಡು ಕಡ್ಡಿಗಳನ್ನು ಡಿಕ್ಕಿಯಿಂದ ತೆಗೆದು ಅವುಗಳ ತುದಿಯ ಗುಂಡನ್ನು ಬೆರಳಿನಿಂದ ತಿರುಗಿಸಲು ನೋಡಿದೆ, ಇನ್ನೂ ತಿರುಗದಷ್ಟು ಬಿಗಿಯಾಗಿದ್ದವು. ಅಂದು ಒಂದೇ ಗಾಲಿಯನ್ನು ಎತ್ತಿ ಅಲ್ಲಾಡಿಸಿದ್ದರಿಂದ ಏನೂ ತಿಳಿಯುವಂತಿರಲಿಲ್ಲ: ಒಂದು ಗಾಲಿ ಜೋತುಬಿದ್ದು ಇನ್ನೊಂದು ನೆಲದ ಮೇಲಿದ್ದರೆ ಸರಳು ತಿರುಚಿಕೊಂಡು ಕಡ್ಡಿಯನ್ನು ಎಳೆದು ಹಿಡಿದಿರುತ್ತದೆ, ಸಡಿಲವಾದದ್ದೂ ಬಿಗಿಯಾಗಿಯೇ ತೋರುತ್ತದೆ. ಎರಡೂ ಗಾಲಿಗಳು ನೆಲದ ಮೇಲಿರುವಾಗ ಹೊಂಡದಿಂದ ನೋಡಬೇಕು. ಇಲ್ಲವೇ ಎರಡೂ ಕಡ್ಡಿಗಳನ್ನು ಬಿಚ್ಚಿಟ್ಟು ಓಣಿಯಲ್ಲಿ ನಿಧಾನವಾಗಿ ಒಂದು ಸುತ್ತು ಓಡಿಸಿದರೆ ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಡಿಸೆಂಬರಿನ ಕೊನೆಯಲ್ಲಿ ಧಾರವಾಡಕ್ಕೆ ಹೋಗಿ ಬಂದೆವು. ಓಣಿಯಲ್ಲಿ, ಖಂಬಾಟಕಿಯ ತಿರುವುಗಳಲ್ಲಿ, ನಿಪ್ಪಾಣಿಯ ಬಳಿ ಕೆಲಸ ನಡೆಯುತ್ತಿದ್ದ ಒರಟು ರಸ್ತೆಯಲ್ಲಿ ಬೇಕೆಂದೇ ಬ್ರೇಕಿನಿಂದ ಕಾಲು ತೆಗೆದು ಕೇಳಿದೆ. ಬಲಗಡೆಯ ತೋಳಿನ ಬುಷ್‌ಗಳು ಸಹ ಎಡಗಡೆಯ ಹರಿದ ಜೋಡಿಯನ್ನು ಹಾಕಿದ ದಿನವೇ, ಅದೇ ಹುಣಸೆಮರದ ಕೆಳಗೆ, ಜಾಕಿನ ಮೇಲೆಯೇ ಬಿಗಿದವು. ಇನ್ನೂ ಹರಿದಿಲ್ಲ. ಮಿಸ್ತ್ರಿಯವರೊಂದಿಗೆ ಮಾತಾಗಿದೆ: ಪಕ್ಕದವರ ಹೊಂಡ ಖಾಲಿಯಿರುವ ದಿನ ನೋಡಿಕೊಂಡು, ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಆ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಯುವುದು.